ಅಪ್ಪನ ಕಾಲದ ಜೀಪಾ, ಹೊಸ ಥಾರಾ?

ಓದುಗರ ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮ ಅಡಿಕೆ ತೋಟ. ಟಾರು ರಸ್ತೆಯಿಂದ ಮನೆಗೆ ಎರಡು ಕಿಲೋಮೀಟರ್ ಮಣ್ಣಿನ ದಾರಿ. ನಡುವೆ ಒಂದು ಹಳ್ಳ, ಒಂದು ಕಡಿದಾದ ಏರು. ಅಪ್ಪ ಕೊಂಡ ಮಹೀಂದ್ರಾ ಎಂಎಂ 540 ಜೀಪು ಇನ್ನೂ ಓಡುತ್ತಿದೆ. ಅದನ್ನೇ ರಿಪೇರಿ ಮಾಡಿಸಿ ಇಟ್ಟುಕೊಳ್ಳುವುದಾ, ಇಲ್ಲಾ ಮಾರಿ ಮಹೀಂದ್ರಾದ ಹೊಸ ಥಾರ್ ಅಥವಾ ಮಾರುತಿಯ ಜಿಮ್ನಿ ತಗೊಳ್ಳುವುದಾ? ಹಳೇ ಜೀಪಿನ ಹಾಗೆ ಹೊಸದು ಹತ್ತಲ್ಲ ಅಂತ ಎಲ್ಲರೂ ಹೆದರಿಸುತ್ತಾರೆ.

ಉತ್ತರ: ಹತ್ತುತ್ತದೆ. ಕೆಲವು ಕಡೆ ಹಳೇದಕ್ಕಿಂತ ಸಲೀಸಾಗಿ ಹತ್ತುತ್ತದೆ. ಆದರೆ ಹತ್ತುವುದೊಂದೇ ಲೆಕ್ಕ ಆಗಿದ್ದರೆ ಈ ಚರ್ಚೆ ಯಾವತ್ತೋ ಮುಗಿಯುತ್ತಿತ್ತು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮನೆಗೆ ಇರುವುದು ಒಂದೇ ಗಾಡಿ ಅಂತಾದರೆ ಹೊಸದು ತಗೊಳ್ಳಿ. ದೂರ ಹೋಗಲು ಬೇರೆ ಕಾರಿದೆ, ಜೀಪು ತೋಟಕ್ಕೆ ಮತ್ತು ಪೇಟೆಗೆ ಅಷ್ಟೇ ಅಂತಾದರೆ ಹಳೇದನ್ನು ಮಾರಬೇಡಿ. ಎರಡೂ ತಲೆಮಾರಿನ ಗಾಡಿ ಇಟ್ಟುಕೊಂಡು ಓಡಿಸುವವನ ಮಾತಿದು. ಎರಡರ ಮೇಲೂ ಪ್ರೀತಿ ಇದೆ, ಎರಡರ ಮೇಲೂ ಸ್ವಲ್ಪ ಸಿಟ್ಟೂ ಇದೆ.

ಹಳೇದು ಅಂದರೆ ಎಲ್ಲವೂ ಒಂದೇ ಅಲ್ಲ. ನಿಮ್ಮ 540ಯಲ್ಲಿರುವುದು ಪ್ಯೂಜೋ ಮೂಲದ 2.1 ಲೀಟರ್ ಡೀಸೆಲ್ ಎಂಜಿನ್, 62 ಎಚ್‌ಪಿ. ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿ), ಹಿಂದೆ ಮುಂದೆ ಎರಡೂ ಗಟ್ಟಿ ಆಕ್ಸಲ್, ಅಂದರೆ ಎಡ ಬಲ ಚಕ್ರ ಎರಡನ್ನೂ ಸೇರಿಸುವ ಒಂದೇ ದಂಡ. 1985ರಲ್ಲಿ ಬಂದ ಮಾರುತಿ ಜಿಪ್ಸಿ ಪೆಟ್ರೋಲ್ ಗಾಡಿ, ತೂಕ ಸುಮಾರು ಒಂದು ಟನ್. 2010ರ ಮೊದಲ ಥಾರ್, ಸಿಆರ್‌ಡಿಇ ಡೀಸೆಲ್ ಎಂಜಿನ್ನಿನದ್ದು, ಹಳತು ಹೊಸತರ ನಡುವಿನದ್ದು: 105 ಎಚ್‌ಪಿ, ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು), ಹಿಂದೆ ಅದೇ ಲೀಫ್. ಈಗಿನ ಮೂರು ಬಾಗಿಲಿನ ಥಾರ್ ಬಂದಿದ್ದು 2020ರಲ್ಲಿ, ಐದು ಬಾಗಿಲಿನ ಜಿಮ್ನಿ 2023ರಲ್ಲಿ, ಐದು ಬಾಗಿಲಿನ ಥಾರ್ ಆದ ರಾಕ್ಸ್ 2024ರಲ್ಲಿ.

ಈಗ ಏರಿನ ವಿಷಯ. ಆರಿದ್ರಾ ಮಳೆ ಹಿಡಿದ ಮೇಲೆ ನಮ್ಮ ಜಂಬಿಟ್ಟಿಗೆ ಮಣ್ಣಿನ ದಾರಿ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ನೀರು ಹರಿದು ಓರೆಯಾಗಿ ಕೊರಕಲು ಬಿದ್ದಿರುತ್ತದೆ. ಜೀಪಿನ ಎಡ ಮುಂದಿನ ಚಕ್ರ ಒಂದು ಗುಂಡಿಯ ಮೇಲೆ, ಬಲ ಹಿಂದಿನ ಚಕ್ರ ಇನ್ನೊಂದು ಗುಂಡಿಯ ಮೇಲೆ ಬಂದಾಗ ಎರಡೂ ನೆಲ ಬಿಡುತ್ತವೆ. ಎಡ ಬಲ ಚಕ್ರಗಳಿಗೆ ಎಳೆತ ಹಂಚುವ ಗೇರಿಗೆ ಡಿಫರೆನ್ಷಿಯಲ್ ಅನ್ನುತ್ತಾರೆ. ಲಾಕ್ ಇಲ್ಲದ ಡಿಫರೆನ್ಷಿಯಲ್‌ಗೆ ಒಂದು ಕೆಟ್ಟ ಅಭ್ಯಾಸ: ಯಾವ ಚಕ್ರ ಸುಲಭವಾಗಿ ತಿರುಗುತ್ತದೋ ಅದನ್ನೇ ತಿರುಗಿಸುತ್ತದೆ. ಹಾಗಾಗಿ ಫೋರ್ ವೀಲ್ (ಮುಂದೆ ಹಿಂದೆ ಎರಡೂ ಆಕ್ಸಲ್‌ಗೆ ಎಳೆತ) ಹಾಕಿದ್ದರೂ ತಿರುಗುವುದು ಎರಡೇ ಚಕ್ರ, ಅದೂ ಗಾಳಿಯಲ್ಲಿರುವ ಎರಡು. ಆಗ ಹಳೇ ಜೀಪಿನವರು ಮಾಡುವುದು ಎರಡೇ ಕೆಲಸ. ಇಳಿದು ಚಕ್ರದಡಿ ಕಲ್ಲು ಕೊಡುವುದು, ಇಲ್ಲಾ ಹಿಂದೆ ಬಂದು ರೇಸ್ ಕೊಟ್ಟು ನುಗ್ಗಿಸುವುದು. ಎರಡನೇದರಲ್ಲಿ ಆಕ್ಸಲ್‌ಗೆ ಎಳೆತ ಒಯ್ಯುವ ಜಾಯಿಂಟ್ ಶಾಫ್ಟ್ ಮುರಿದು ಹೋಗುವುದೇ ಜಾಸ್ತಿ.

ಹೊಸ ಗಾಡಿ ಇದೇ ಜಾಗದಲ್ಲಿ ಬೇರೆ ಥರ ನಡೆದುಕೊಳ್ಳುತ್ತದೆ. ಸುಮ್ನೆ ತಿರುಗುತ್ತಿರುವ ಚಕ್ರಕ್ಕೆ ಗಾಡಿಯೇ ಬ್ರೇಕ್ ಹಾಕುತ್ತದೆ, ಎಳೆತ ನೆಲದ ಮೇಲಿರುವ ಚಕ್ರಕ್ಕೆ ಹೋಗುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ. ಹಳೇ ಜೀಪಿನಲ್ಲಿ ಪಳಗಿದವರು ಚಕ್ರ ತಿರುಗಿದ ಕೂಡಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯುತ್ತಾರೆ. ಹೊಸದರಲ್ಲಿ ಹಾಗೆ ಮಾಡಿದರೆ ಏನೂ ಆಗುವುದಿಲ್ಲ. ಲೋ ಗೇರಿನಲ್ಲಿ (ವೇಗ ಇಳಿಸಿ ಎಳೆತ ಹೆಚ್ಚಿಸುವ ಗೇರು) ಒಂದೇ ಹದದಲ್ಲಿ ಕಾಲು ಒತ್ತಿ ಹಿಡಿಯಬೇಕು. ಮೊದಲು ಚಕ್ರ ಸುತ್ತುತ್ತದೆ, ಕೆಳಗಿನಿಂದ ಕಟಕಟ ಅಂತ ಸದ್ದು ಬರುತ್ತದೆ, ಏನೋ ಮುರಿಯಿತು ಅನ್ನಿಸುತ್ತದೆ. ಕಾಲು ತೆಗೆಯಬೇಡಿ. ಒಂದೆರಡು ಕ್ಷಣದಲ್ಲಿ ಗಾಡಿ ಅಲುಗಿ ತಾನೇ ಎದ್ದು ಬರುತ್ತದೆ. "ಹೊಸದು ಹತ್ತಲ್ಲ ಮಾರಾಯ್ರೆ" ಅನ್ನುವವರಲ್ಲಿ ಅರ್ಧ ಜನ ಈ ಸದ್ದಿಗೆ ಹೆದರಿ ಕಾಲು ತೆಗೆದವರೇ.

ಲೋ ಗೇರಿನ ಲೆಕ್ಕವೂ ಗೊತ್ತಿರಲಿ. ಈಗಿನ ಥಾರ್‌ನಲ್ಲಿ ಲೋಗೆ ಹಾಕಿದರೆ ಚಕ್ರಕ್ಕೆ ಹೋಗುವ ಎಳೆತ ಸುಮಾರು ಎರಡೂವರೆ ಪಟ್ಟಾಗುತ್ತದೆ, ಜಿಮ್ನಿಯಲ್ಲಿ ಎರಡು ಪಟ್ಟು. ಥಾರ್ ಡೀಸೆಲ್ಲಿನ ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ, 300 ಎನ್‌ಎಂ, ಜಿಮ್ನಿಯದ್ದು 134. ಹಾಗಾಗಿ ಜಿಮ್ನಿಯನ್ನು ಏರಿನಲ್ಲಿ ಸ್ವಲ್ಪ ಮೇಲಿನ ಆರ್‌ಪಿಎಂನಲ್ಲಿ ಇಟ್ಟುಕೊಂಡೇ ಹೋಗಬೇಕು. ಡೀಸೆಲ್ ಜೀಪಿನ ಥರ ಕಾಲು ಬಿಟ್ಟು ತೆವಳಿಸುವ ಅಭ್ಯಾಸ ಇದ್ದವರಿಗೆ ಇದು ಮೊದಮೊದಲು ಕಿರಿಕಿರಿ.

ಹಾಗಂತ ಜಿಮ್ನಿಯನ್ನು ತಳ್ಳಿಹಾಕಬೇಡಿ. ಹೊಸದರಲ್ಲಿ ಎರಡೂ ಕಡೆ ಗಟ್ಟಿ ಆಕ್ಸಲ್ ಉಳಿಸಿಕೊಂಡದ್ದು ಅದೇ, ಅದೂ ಕಾಯಿಲ್ ಸ್ಪ್ರಿಂಗ್ ಮೇಲೆ. ತೂಕ ಸುಮಾರು 1.2 ಟನ್. ಥಾರ್ ಡೀಸೆಲ್ ಒಂದೂಮುಕ್ಕಾಲು ಟನ್ನಿನ ಆಸುಪಾಸು. ಗದ್ದೆ ಬದಿಯ ಮೆತ್ತಗಿನ ಕೆಸರಿನಲ್ಲಿ ಈ ಅರ್ಧ ಟನ್ ವ್ಯತ್ಯಾಸ ಬಹಳ ದೊಡ್ಡದು. ಹಗುರದ್ದು ಮೇಲೆ ಮೇಲೆ ದಾಟಿಕೊಂಡು ಹೋಗುತ್ತದೆ, ಭಾರದ್ದು ಹೂತು ಕೂರುತ್ತದೆ. ಹೂತಾಗ ಆಳು ಹಿಡಿದು ನೂಕಲಿಕ್ಕೂ ಹಗುರದ್ದೇ ವಾಸಿ.

ಅಗಲದ ವಿಷಯ ಶೋರೂಮಿನಲ್ಲಿ ಯಾರೂ ಎತ್ತುವುದಿಲ್ಲ. ಜಿಪ್ಸಿಯ ಅಗಲ 1540 ಮಿಲಿಮೀಟರ್, ಜಿಮ್ನಿ 1645, ಈಗಿನ ಥಾರ್ 1820, ರಾಕ್ಸ್ 1870. ನಮ್ಮ ಹಿರಿಯರು ತೋಟದ ಬಾಯಿಗೆ ಉಣುಗೋಲಿನ ಕಂಬ ನೆಟ್ಟದ್ದು ಎತ್ತಿನ ಗಾಡಿಗೆ, ಆಮೇಲೆ ಜೀಪಿಗೆ. ಕನ್ನಡಿ ಮಡಚಿದರೂ ರಾಕ್ಸ್ ಒಳಗೆ ಬರದ ತೋಟಗಳಿವೆ. ಒಂದು ಕಡೆ ದರೆ, ಇನ್ನೊಂದು ಕಡೆ ಅಗಳ ಇರುವ ದಾರಿಯಲ್ಲಿ ಎದುರಿನಿಂದ ಪಿಕಪ್ ಬಂದರೆ ಒಂದು ಗೇಣು ಜಾಗಕ್ಕೂ ಬೆಲೆ ಇರುತ್ತದೆ. ಟೇಪು ಹಿಡಿದು ನಿಮ್ಮ ದಾರಿ ಅಳೆಯಿರಿ.

ಹತ್ತಿದ್ದು ಇಳಿಯಬೇಕಲ್ವಾ. ಹೊಸದರ ಪರವಾಗಿ ನಾನು ಗಟ್ಟಿಯಾಗಿ ಮಾತಾಡುವುದು ಇಲ್ಲಿ. ಹಳೇ ಜೀಪುಗಳಲ್ಲಿ ಬಹಳಷ್ಟಕ್ಕೆ ನಾಲ್ಕೂ ಕಡೆ ಡ್ರಮ್ ಬ್ರೇಕ್. ಹಳ್ಳ ದಾಟಿದ ಮೇಲೆ ಒಂದು ಕಡೆ ಒದ್ದೆ, ಒಂದು ಕಡೆ ಒಣ. ಬ್ರೇಕ್ ಒತ್ತಿದರೆ ಸ್ಟೀರಿಂಗ್ ಪಕ್ಕಕ್ಕೆ ಎಳೆಯುತ್ತದೆ. ತೋಟದಲ್ಲಿ ಅದು ತಮಾಷೆ. ಆಗುಂಬೆ ಘಾಟಿಯಲ್ಲಿ, ಮಂಜು ಮುಸುಕಿದ ಸಂಜೆ, ಹಿಂದೆ ಮಕ್ಕಳನ್ನು ಕೂರಿಸಿಕೊಂಡಾಗ ತಮಾಷೆ ಅಲ್ಲ. ಸಿಆರ್‌ಡಿಇ ಥಾರ್‌ಗೂ ಏರ್‌ಬ್ಯಾಗ್ ಇರಲಿಲ್ಲ, ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಸಿಕ್ಕಿದ್ದು ಕೊನೆಗಾಲದಲ್ಲಿ, 2019ರಲ್ಲಿ. ಈಗಿನ ಥಾರ್‌ಗೆ ಗ್ಲೋಬಲ್ ಎನ್‌ಕ್ಯಾಪ್‌ನ ಡಿಕ್ಕಿ ಸುರಕ್ಷತಾ ಪರೀಕ್ಷೆಯಲ್ಲಿ ನಾಲ್ಕು ಸ್ಟಾರ್ ಬಂದಿದೆ, ರಾಕ್ಸ್‌ಗೆ ಭಾರತ್ ಎನ್‌ಕ್ಯಾಪ್‌ನಲ್ಲಿ ಐದು. ವರ್ಷಕ್ಕೆ ನಾಲ್ಕು ಸಲ ಬೆಂಗಳೂರಿಗೆ ಮುನ್ನೂರು ಕಿಲೋಮೀಟರ್ ಹೋಗುವವರಿಗೆ ನಾನು 540 ಇಟ್ಟುಕೊಳ್ಳಿ ಅಂತ ಹೇಳುವುದಿಲ್ಲ.

ಕೊಡಚಾದ್ರಿಗೆ ಹಳೇ ಜೀಪುಗಳೇ ತಾನೇ ಹತ್ತುವುದು ಅಂತ ಕೇಳಬಹುದು. ನಿಜ. ಆದರೆ ಆ ಚಾಲಕರಿಗೆ ದಾರಿಯ ಒಂದೊಂದು ಕಲ್ಲೂ ಗೊತ್ತು. ಯಾವ ಕಲ್ಲಿನ ಮೇಲೆ ಚಕ್ರ ಇಡಬೇಕು ಅಂತ ನೋಡದೇ ಹೇಳುತ್ತಾರೆ. ಗಾಡಿಯ ಅಡಿಗೆ ಮಲಗುವುದೂ ಅವರಿಗೆ ದಿನದ ಕೆಲಸದಲ್ಲಿ ಒಂದು. ಅಷ್ಟು ಪುರುಸೊತ್ತು ನಿಮಗಿದೆಯಾ?

ಹಳ್ಳದಲ್ಲಿ ಹೊಸ ಥಾರ್‌ಗೆ ಕಂಪನಿ ಹೇಳುವ ಮಿತಿ 650 ಮಿಲಿಮೀಟರ್ ನೀರು. ನಿಮ್ಮ ಜೀಪಿಗೆ ಅಂಥ ಅಂಕಿ ಕೊಟ್ಟವರಿಲ್ಲ. ಅದರ ಡೀಸೆಲ್ ಪಂಪು ಪೂರ್ತಿ ಮೆಕ್ಯಾನಿಕಲ್, ಒದ್ದೆಯಾಗಿ ಕೆಡುವ ಕಂಪ್ಯೂಟರ್ ಇಲ್ಲ. ಆದರೆ ಗಾಳಿ ಎಳೆಯುವ ಬಾಯಿಗೆ ನೀರು ಹೋದರೆ ಯಾವ ತಲೆಮಾರಿನ ಎಂಜಿನ್ನೂ ಉಳಿಯುವುದಿಲ್ಲ. ಕೆಂಪು ನೀರು ಸುತ್ತಿ ಹರಿಯುತ್ತಿದ್ದರೆ ಈಚೆ ದಡದಲ್ಲೇ ನಿಲ್ಲಿಸಿ. ಮಳೆಗಾಲ ಮುಗಿದ ಮೇಲೆ ಎರಡಕ್ಕೂ ಹೌಸಿಂಗ್ ಆಯಿಲ್ (ಆಕ್ಸಲ್ ಒಳಗಿನ ಡಿಫರೆನ್ಷಿಯಲ್ ಎಣ್ಣೆ) ಬಿಚ್ಚಿ ನೋಡಬೇಕು. ಹಾಲು ಹಾಕಿದ ಕಾಫಿಯ ಬಣ್ಣ ಬಂದಿದ್ದರೆ ನೀರು ಸೇರಿದೆ ಅಂತ ಅರ್ಥ, ಪೂರ್ತಿ ಬದಲಾಯಿಸಿ.

ರಿಪೇರಿಯಲ್ಲಿ ಹಳೇದೇ ಗೆಲ್ಲುತ್ತದೆ. 540ಯ ಸಾಮಾನು ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಹುಡುಕಿದರೆ ಸಿಗುತ್ತದೆ, ಊರಿನ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಮನೆ ಅಂಗಳಕ್ಕೇ ಬರುತ್ತಾರೆ. ಹೊಸದರಲ್ಲಿ ಒಂದು ಸೆನ್ಸರ್ ಕೈಕೊಟ್ಟರೆ ಸ್ಕ್ಯಾನರ್ ಬೇಕು, ಟೋ ಮಾಡಿಸಿ ಶಿವಮೊಗ್ಗ ಸೇರಿಸಬೇಕು. ಇಲಿ ಕಾಟ ಬೇರೆ. ಅಡಿಕೆ ಕೊಟ್ಟಿಗೆಯ ಪಕ್ಕ ನಿಲ್ಲಿಸಿದ ಹೊಸ ಗಾಡಿಯ ವೈರು ಮಳೆಗಾಲದಲ್ಲಿ ಇಲಿಗಳಿಗೆ ಹಬ್ಬ.

ಹೊಸ ಡೀಸೆಲ್‌ಗೆ ಇನ್ನೊಂದು ಮಾತು. ಬಿಎಸ್6 (ಈಗಿನ ಹೊಗೆ ನಿಯಮ) ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯಲು ಡಿಪಿಎಫ್ ಅಂತ ಒಂದು ಫಿಲ್ಟರ್ ಇರುತ್ತದೆ. ಹೊಗೆ ಚೆನ್ನಾಗಿ ಬಿಸಿಯಾದಾಗ ಆ ಮಸಿ ಒಳಗೇ ಸುಟ್ಟುಹೋಗುತ್ತದೆ. ಬೆಳಿಗ್ಗೆ ಡೇರಿಗೆ ಹಾಲು, ಸಂಜೆ ಪೇಟೆಗೆ ಒಂದು ಸುತ್ತು, ಅಷ್ಟೇ ಓಡಿಸಿದರೆ ಅದು ಬಿಸಿಯಾಗುವುದೇ ಇಲ್ಲ. ಮಸಿ ಕಟ್ಟಿ ದೀಪ ಉರಿಯುತ್ತದೆ. ಆಗಾಗ ಶಿವಮೊಗ್ಗದವರೆಗೆ ಒಂದೇ ಉಸಿರಿಗೆ ಹೋಗಿಬನ್ನಿ, ಇಲ್ಲಾ ಪೆಟ್ರೋಲ್ ತಗೊಳ್ಳಿ.

ಹಳೇದನ್ನು ಉಳಿಸಿಕೊಳ್ಳುವ ಮನಸ್ಸಿದ್ದರೆ ಎಂಜಿನ್ ಬಿಟ್ಟು ಚಾಸಿಸ್ ನೋಡಿ. ಎಂಜಿನ್ ಯಾವಾಗ ಬೇಕಾದರೂ ಬೋರ್ ಮಾಡಿಸಬಹುದು. ಮಲೆನಾಡಿನ ಮಳೆ ಜೀಪನ್ನು ತಿನ್ನುವುದು ಕೆಳಗಿನಿಂದ. ಹಿಂದಿನ ಸ್ಪ್ರಿಂಗ್ ನೇತು ಹಾಕಿದ ಬ್ರಾಕೆಟ್, ಬಾಡಿ ಕೂರುವ ಬೋಲ್ಟಿನ ಸುತ್ತ, ಚಾಲಕನ ಮ್ಯಾಟಿನ ಅಡಿ, ಈ ಮೂರು ಜಾಗವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಟಣ್ ಅಂದರೆ ಸರಿ. ಮಂದವಾಗಿ ಸದ್ದು ಬಂದು ತುಕ್ಕಿನ ಪುಡಿ ಉದುರಿದರೆ ಖರ್ಚು ಎಲ್ಲಿಗೆ ನಿಲ್ಲುತ್ತದೆ ಅಂತ ಹೇಳಲಾಗದು. ಹೊಸ ಪೇಂಟ್ ಬಳಿದು ಹೊಳೆಯುವ ಚಾಸಿಸ್ ಕಂಡರೆ ನನಗೆ ಅನುಮಾನವೇ ಜಾಸ್ತಿ.

ಕಾಗದಪತ್ರದ ಕಡೆ: ಖಾಸಗಿ ಗಾಡಿಯ ಆರ್‌ಸಿ (ನೋಂದಣಿ ಪತ್ರ) 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಶುಲ್ಕ 2022ರ ಏಪ್ರಿಲ್‌ನಿಂದ 5000 ರೂಪಾಯಿ ಆಯಿತು, 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದರು. ಹಸಿರು ತೆರಿಗೆ ಬೇರೆ. ಹತ್ತು ವರ್ಷದ ಡೀಸೆಲ್ ಗಾಡಿ ಓಡಿಸುವ ಹಾಗಿಲ್ಲ ಅನ್ನುವ ಗಲಾಟೆ ದೆಹಲಿ ಸುತ್ತಮುತ್ತಲಿನದ್ದು, ನಮಗೆ ಸಂಬಂಧವಿಲ್ಲ. ಎಂಜಿನ್ ಬದಲಾಯಿಸಿದ್ದರೆ ಅದು ಆರ್‌ಸಿಯಲ್ಲಿ ದಾಖಲಾಗಿದೆಯಾ ನೋಡಿ. ಇಲ್ಲದಿದ್ದರೆ ಎಫ್‌ಸಿ (ಗಾಡಿ ಯೋಗ್ಯತಾ ಪರೀಕ್ಷೆ) ದಿನ ಒದ್ದಾಟ.

ಯಾವುದನ್ನೇ ಇಟ್ಟುಕೊಂಡರೂ ಮೊದಲ ಖರ್ಚು ಟಯರಿಗೆ. ಕಂಪನಿಯಿಂದ ಬರುವ ಟಯರು ಟಾರು ರಸ್ತೆಗೂ ಮಣ್ಣಿಗೂ ರಾಜಿ ಮಾಡಿಕೊಂಡದ್ದು. ಜೇಡಿಯಲ್ಲಿ ಅದರ ಗೆರೆ ತುಂಬಿಕೊಂಡರೆ ಫೋರ್ ವೀಲ್ ಇದ್ದೂ ಉಪಯೋಗವಿಲ್ಲ. ಮತ್ತೆ, ಒಣ ಟಾರಿನಲ್ಲಿ ಫೋರ್ ವೀಲ್ ಹಾಕಿಕೊಂಡು ತಿರುವು ತೆಗೆಯಬೇಡಿ. ಹಳೇದಿರಲಿ ಹೊಸದಿರಲಿ, ಮುಂದಿನ ಹಿಂದಿನ ಆಕ್ಸಲ್ ಎಳೆದಾಡಿಕೊಂಡು ಗೇರ್ ಕೇಸಿಗೆ ಪೆಟ್ಟು.

ನಿಮ್ಮ ದಾರಿಗೆ ನಾನಾದರೆ ಜಿಮ್ನಿ ತಗೊಳ್ಳುತ್ತಿದ್ದೆ. ಗೊಬ್ಬರ, ಅಡಿಕೆ ಮೂಟೆ ಹೊರುವ ಕೆಲಸ ಇದ್ದರೆ ಥಾರ್ ಡೀಸೆಲ್. ಚಾಸಿಸ್ ಗಟ್ಟಿಯಿದ್ದು ಜಾಗವಿದ್ದರೆ ಅಪ್ಪನ ಜೀಪನ್ನೂ ಇಟ್ಟುಕೊಳ್ಳಿ, ಮಾರಿದರೆ ಬರುವ ದುಡ್ಡು ಅಷ್ಟರಲ್ಲೇ ಇದೆ. ಥಾರ್ ಬುಕ್ ಮಾಡುವ ಮುಂಚೆ ಮಾತ್ರ ಒಂದು ನೋಡಿ. 2023ರಿಂದ ಹಿಂದಿನ ಚಕ್ರ ಮಾತ್ರ ಎಳೆಯುವ ಥಾರ್ ಕೂಡ ಮಾರಾಟದಲ್ಲಿದೆ. ಹೊರಗಿನಿಂದ ನೋಡಲು ಅದೇ, ಬೆಲೆ ಕಡಿಮೆ. ಗೇರ್ ಪಕ್ಕದಲ್ಲಿ ಫೋರ್ ವೀಲ್ ಹಾಕುವ ಎರಡನೇ ಲಿವರ್ ಇಲ್ಲದಿದ್ದರೆ ಅದು ನಿಮ್ಮ ಏರಿಗೆ ಆಗುವ ಗಾಡಿ ಅಲ್ಲ.