ಪ್ರತ್ಯೇಕ ಗ್ಯಾರೇಜಿಗೆ ವಿದ್ಯುತ್: ಕೇಬಲ್ ಗಾತ್ರ, ಅರ್ತಿಂಗ್ ಮತ್ತು ದೂರದ ಲೆಕ್ಕ

ಮನೆಗೆ ಅಂಟಿಕೊಳ್ಳದೆ ಅಂಗಳದ ಆಚೆ ನಿಂತಿರುವ ಗ್ಯಾರೇಜಿಗೆ ವಿದ್ಯುತ್ ಒಯ್ಯುವ ಪ್ರಶ್ನೆ ಬಂದಾಗ, ವೈರಿಂಗ್ ಕಲಿಯುತ್ತಿರುವ ನಾವು ಮೊದಲು ತೆರೆಯುವುದು ಕೇಬಲ್‌ಗಳ ಆಂಪಿಯರ್ ಪಟ್ಟಿಯನ್ನು. 20 ಆಂಪಿಯರ್ ಬೇಕು, 2.5 ಚದರ ಮಿ.ಮೀ. ತಾಮ್ರ ಅಷ್ಟನ್ನು ತಾಳುತ್ತದೆ, ಲೆಕ್ಕ ಮುಗಿಯಿತು ಎನ್ನಿಸುತ್ತದೆ. ಆದರೆ ಆ ಪಟ್ಟಿ ಹೇಳುವುದು ತಂತಿ ಎಷ್ಟು ಬಿಸಿಯಾಗುತ್ತದೆ ಎಂಬುದನ್ನು ಮಾತ್ರ. ಗ್ಯಾರೇಜು ಎಷ್ಟು ದೂರದಲ್ಲಿದೆ ಎಂಬ ಸಂಗತಿ ಅದರಲ್ಲಿ ಎಲ್ಲೂ ಬರುವುದಿಲ್ಲ. ದೂರ ಎರಡು ತೊಡಕುಗಳನ್ನು ತರುತ್ತದೆ: ಮೊದಲನೆಯದು ಯಂತ್ರಗಳಿಗೆ ತೊಂದರೆ ಕೊಡುತ್ತದೆ, ಎರಡನೆಯದು ಮನುಷ್ಯರ ಜೀವಕ್ಕೆ ಕುತ್ತು ತರುತ್ತದೆ.

ಹೊರೆಯನ್ನು ಮೊದಲೇ ನಿರ್ಧರಿಸಿಕೊಳ್ಳಿ. ನಾಲ್ಕು ದೀಪ, ಒಂದು ಸಾಕೆಟ್ ಸಾಕೆಂದರೆ ಮನೆಯ ಡಿಬಿಯಿಂದ (ವಿದ್ಯುತ್ ಹಂಚುವ ಪೆಟ್ಟಿಗೆ) ಒಂದು ಸರ್ಕ್ಯೂಟ್ ಸಾಲುತ್ತದೆ. ಕಂಪ್ರೆಸರ್, ವೆಲ್ಡಿಂಗ್ ಯಂತ್ರ, ವಿದ್ಯುತ್ ಕಾರಿನ ಚಾರ್ಜರ್ ಇವುಗಳಲ್ಲಿ ಯಾವುದು ಬರುವ ಸಾಧ್ಯತೆಯಿದ್ದರೂ ಗ್ಯಾರೇಜಿಗೆ ತನ್ನದೇ ಉಪ ಡಿಬಿ ಬೇಕು. 7 ಕಿಲೋವ್ಯಾಟ್ ಚಾರ್ಜರ್ ಸುಮಾರು 32 ಆಂಪಿಯರನ್ನು ಗಂಟೆಗಟ್ಟಲೆ ಬಿಡದೆ ಎಳೆಯುತ್ತದೆ. ಇಂದು ಕಾರು ಇಲ್ಲದಿದ್ದರೂ ನೆಲದಡಿ ಕೇಬಲ್ ಹಾಯುವ ಕೊಳವೆಯನ್ನು ದೊಡ್ಡದಾಗಿಯೇ ಹಾಕುವುದು ಒಳ್ಳೆಯದು. ಈ ಕೆಲಸದಲ್ಲಿ ಮೈ ನೋಯಿಸುವುದು ಅಗೆತ, ಅದನ್ನು ಎರಡನೆಯ ಸಲ ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ.

ಈಗ ವೋಲ್ಟೇಜ್ ಕುಸಿತ, ಅಂದರೆ ತಂತಿಯ ರೋಧದಿಂದ ದಾರಿಯಲ್ಲೇ ಕಳೆದುಹೋಗುವ ವೋಲ್ಟೇಜ್. ಗ್ಯಾರೇಜು 30 ಮೀಟರ್ ದೂರ, ಪೂರೈಕೆ 230 ವೋಲ್ಟ್ ಸಿಂಗಲ್ ಫೇಸ್ ಎಂದುಕೊಳ್ಳೋಣ. ವಿದ್ಯುತ್ ಹೋಗಿ ಹಿಂತಿರುಗಬೇಕಾದ್ದರಿಂದ ಲೆಕ್ಕಕ್ಕೆ ಹಿಡಿಯಬೇಕಾದ ತಂತಿ 60 ಮೀಟರ್. ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವ ಮಾಮೂಲು ಜಾಗವಿದು. 2.5 ಚದರ ಮಿ.ಮೀ. ತಾಮ್ರದ ರೋಧ 20 ಡಿಗ್ರಿಯಲ್ಲಿ ಕಿಲೋಮೀಟರಿಗೆ 7.41 ಓಮ್, ಹಾಗಾಗಿ 60 ಮೀಟರಿಗೆ 0.44 ಓಮ್. 20 ಆಂಪಿಯರ್ ಹರಿದರೆ ಕುಸಿತ ಸುಮಾರು 8.9 ವೋಲ್ಟ್. ತಂತಿ 70 ಡಿಗ್ರಿಗೆ ಕಾದಾಗ ರೋಧ ಸುಮಾರು ಶೇ. 20ರಷ್ಟು ಏರುತ್ತದೆ, ಕುಸಿತ 10.6 ವೋಲ್ಟ್ ಮುಟ್ಟುತ್ತದೆ, ಅಂದರೆ ಶೇ. 4.6. ಅದೇ ಜಾಗದಲ್ಲಿ 6 ಚದರ ಮಿ.ಮೀ. (ಕಿಲೋಮೀಟರಿಗೆ 3.08 ಓಮ್) ಹಾಕಿದರೆ ಬಿಸಿಯಲ್ಲೂ ಶೇ. 2ರ ಒಳಗೇ ಉಳಿಯುತ್ತದೆ. ಸಾಮಾನ್ಯವಾಗಿ ಶೇ. 3ರಿಂದ 5ರ ಮಿತಿ ಇಟ್ಟುಕೊಳ್ಳುತ್ತಾರೆ. ಉಪ ಡಿಬಿಯಿಂದ ಮುಂದೆ ಹೋಗುವ ತಂತಿಗಳಲ್ಲೂ ಒಂದಿಷ್ಟು ಕುಸಿತವಿರುವುದರಿಂದ ಇಡೀ ಮಿತಿಯನ್ನು ಇಲ್ಲೇ ಖರ್ಚು ಮಾಡುವಂತಿಲ್ಲ.

ಮೋಟಾರು ಬಂದರೆ ಕಥೆ ಇನ್ನೂ ಬಿಗಿಯಾಗುತ್ತದೆ. 10 ಆಂಪಿಯರಿನಲ್ಲಿ ಓಡುವ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಆರು ಪಟ್ಟು, ಅಂದರೆ 60 ಆಂಪಿಯರ್ ಕೇಳಬಹುದು. ಮೇಲಿನ 2.5ರ ತಂತಿಯಲ್ಲಿ ಆಗ 26 ವೋಲ್ಟಿಗೂ ಹೆಚ್ಚು ಕುಸಿಯುತ್ತದೆ. ದೀಪ ಮಂಕಾಗುವುದು ದೊಡ್ಡ ವಿಷಯವಲ್ಲ. ಮೋಟಾರಿನ ಆರಂಭಿಕ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಅದು ತಿರುಗಲಾರದೆ ಗುಂಯ್‌ಗುಡುತ್ತಾ ಬಿಸಿಯಾಗಬಹುದು.

ಅರ್ತಿಂಗ್ ವಿಷಯಕ್ಕೆ ನಿಧಾನವಾಗಿ ಬರೋಣ, ಏಕೆಂದರೆ ಅತಿ ಹೆಚ್ಚು ತಪ್ಪು ತಿಳುವಳಿಕೆ ಇರುವುದು ಇಲ್ಲೇ. “ಗ್ಯಾರೇಜಿನ ಪಕ್ಕ ಒಂದು ಅರ್ತ್ ಸರಳು ಹೊಡೆದರೆ ಆಯಿತು, ಮನೆಯಿಂದ ಅರ್ತ್ ತಂತಿ ಎಳೆಯುವುದೇಕೆ?” ಎಂಬ ಮಾತನ್ನು ಅನುಭವಿಗಳ ಬಾಯಲ್ಲೂ ಕೇಳುತ್ತೇವೆ. ಅಂಕಿಗಳನ್ನೇ ಕೇಳೋಣ. ಸರಳಿನ ರೋಧ 20 ಓಮ್, ಟ್ರಾನ್ಸ್‌ಫಾರ್ಮರ್ ಬದಿಯ ಅರ್ತ್ 2 ಓಮ್ ಎಂದಿಟ್ಟುಕೊಳ್ಳಿ. ಕಂಪ್ರೆಸರಿನ ಒಳಗೆ ಫೇಸ್ ತಂತಿ ಲೋಹದ ಮೈಗೆ ತಾಗಿತು. ಹರಿಯುವ ವಿದ್ಯುತ್ 230 ಭಾಗಿಸು 22, ಸುಮಾರು 10.5 ಆಂಪಿಯರ್. 20 ಆಂಪಿಯರಿನ ಎಂಸಿಬಿಗೆ (ಮಿತಿ ಮೀರಿದರೆ ತಾನೇ ಆರುವ ಸ್ವಿಚ್) ಇದು ಮಾಮೂಲು ಹೊರೆ. ಅದು ಎಂದಿಗೂ ಬೀಳುವುದಿಲ್ಲ, ಅಂದರೆ ವಿದ್ಯುತ್ ಕಡಿಯುವುದಿಲ್ಲ. ಅಷ್ಟು ಹೊತ್ತೂ ಕಂಪ್ರೆಸರಿನ ಮೈ ಮೇಲೆ 10.5 ಗುಣಿಸು 20, ಅಂದರೆ ಸುಮಾರು 209 ವೋಲ್ಟ್ ನಿಂತಿರುತ್ತದೆ.

ಮನೆಯಿಂದ ತಾಮ್ರದ ಅರ್ತ್ ತಂತಿ ಬಂದಿದ್ದರೆ? ಫೇಸ್ ಮತ್ತು ಅರ್ತ್ ಎರಡೂ 4 ಚದರ ಮಿ.ಮೀ. ಇದ್ದರೆ ಬಿಸಿಯಲ್ಲಿ ಆ 30 ಮೀಟರಿನ ಹೋಗಿಬರುವ ರೋಧ 0.33 ಓಮ್. ಪೂರೈಕೆಯ ಬದಿಯ ರೋಧ 0.35 ಓಮ್ ಎಂದು ಹಿಡಿದು ಸೇರಿಸಿದರೆ ಒಟ್ಟು 0.68. ದೋಷದ ವಿದ್ಯುತ್ 330 ಆಂಪಿಯರ್ ದಾಟುತ್ತದೆ. ಸಿ ವರ್ಗದ 20 ಆಂಪಿಯರ್ ಎಂಸಿಬಿ ತನ್ನ ಅಳತೆಯ ಹತ್ತು ಪಟ್ಟಿನೊಳಗೆ, ಅಂದರೆ 200 ಆಂಪಿಯರಿಗೆ, ತಕ್ಷಣ ಬಿದ್ದೇ ಬೀಳಬೇಕು. ಇಲ್ಲಿ ಬೀಳುತ್ತದೆ. ಸರಳಿಗೂ ಕೆಲಸವಿದೆ, ಸಿಡಿಲಿನ ಸಮಯದಲ್ಲಿ ಅದು ನೆರವಾಗುತ್ತದೆ; ಆದರೆ ಅದು ತಾಮ್ರದ ತಂತಿಗೆ ಬದಲಿಯಲ್ಲ. ಸರಳನ್ನೇ ನಂಬಿರುವ ಟಿಟಿ ವ್ಯವಸ್ಥೆಯಾದರೆ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಪೂರೈಕೆ ಕಡಿಯುವ ಸ್ವಿಚ್) ಕಡ್ಡಾಯ: 30 ಮಿಲಿಆಂಪಿಯರ್ ಸೋರಿಕೆಗೇ ಅದು ಬೀಳುವುದರಿಂದ 20 ಓಮ್ ಅಡ್ಡಿಯಾಗುವುದಿಲ್ಲ.

ಇದಕ್ಕೆ ಅಂಟಿಕೊಂಡ ಇನ್ನೊಂದು ನಿಯಮ: ಗ್ಯಾರೇಜಿನ ಡಿಬಿಯಲ್ಲಿ ನ್ಯೂಟ್ರಲ್ ಪಟ್ಟಿ ಬೇರೆ, ಅರ್ತ್ ಪಟ್ಟಿ ಬೇರೆ. ಎರಡನ್ನೂ ಅಲ್ಲಿ ಮತ್ತೆ ಜೋಡಿಸಿದರೆ ಹಿಂತಿರುಗುವ ವಿದ್ಯುತ್ ಎರಡು ದಾರಿಗಳಲ್ಲೂ ಹಂಚಿಹೋಗುತ್ತದೆ. ದೋಷವೇ ಇಲ್ಲದಿದ್ದರೂ ಅರ್ತ್ ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ, ಮನೆಯ ಆರ್‌ಸಿಸಿಬಿ ಕಾರಣ ಕಾಣದಂತೆ ಬೀಳುತ್ತದೆ. ಅಮೆರಿಕದಲ್ಲಿ ಕೆಲವು ಷರತ್ತುಗಳ ಮೇಲೆ ಇಂಥ ಜೋಡಣೆಗೆ ಅವಕಾಶವಿತ್ತು. ಅಲ್ಲಿನ ರಾಷ್ಟ್ರೀಯ ವಿದ್ಯುತ್ ಸಂಹಿತೆಯ 2008ರ ಆವೃತ್ತಿ ಹೊಸ ಕಟ್ಟಡಗಳಿಗೆ ಅದನ್ನು ನಿಲ್ಲಿಸಿತು. ಹಳೆಯ ಪುಸ್ತಕದ ಚಿತ್ರ ನೋಡಿ ಗೊಂದಲಕ್ಕೆ ಬೀಳಬೇಡಿ.

ಆರ್‌ಸಿಸಿಬಿ ಮನೆಯಲ್ಲೂ ಗ್ಯಾರೇಜಿನಲ್ಲೂ 30 ಮಿಲಿಆಂಪಿಯರಿನದೇ ಇದ್ದರೆ ಯಾವುದು ಮೊದಲು ಬೀಳುತ್ತದೆಂದು ಹೇಳಲಾಗದು. ಮನೆಯ ಕಡೆ ತಡವಾಗಿ ಬೀಳುವ 100 ಮಿಲಿಆಂಪಿಯರಿನ ಬಗೆ ಇಟ್ಟರೆ ಗ್ಯಾರೇಜಿನ ದೋಷಕ್ಕೆ ಮನೆಯೆಲ್ಲ ಕತ್ತಲಾಗುವುದಿಲ್ಲ.

ಕೇಬಲ್ ಹೂಳಲು ತೋಡುವ ಕಾಲುವೆಯ ಆಳ ದೇಶದಿಂದ ದೇಶಕ್ಕೆ ಬೇರೆ. ಉದಾಹರಣೆಗೆ ಅದೇ ಅಮೆರಿಕದ ಸಂಹಿತೆ ನೇರವಾಗಿ ಹೂಳುವ ಕೇಬಲ್ಲಿಗೆ 24 ಅಂಗುಲ, ಪಿವಿಸಿ ಕೊಳವೆಗೆ 18 ಅಂಗುಲ, ದಪ್ಪ ಉಕ್ಕಿನ ಕೊಳವೆಗೆ 6 ಅಂಗುಲ ಕೇಳುತ್ತದೆ. ಸಲಿಕೆಯ ಏಟು ತಾಳುವ ಹೊದಿಕೆ ಎಷ್ಟು ಗಟ್ಟಿಯೋ ಆಳ ಅಷ್ಟು ಕಡಿಮೆ ಎಂಬ ತರ್ಕ ಹಿಡಿದರೆ ಅಂಕಿ ಮರೆತರೂ ಕ್ರಮ ನೆನಪಿರುತ್ತದೆ. ನೇರ ಹೂಳಲು ಆರ್ಮರ್ಡ್ (ಲೋಹದ ಕವಚವಿರುವ) ಕೇಬಲ್, ಅದರ ಕೆಳಗೂ ಮೇಲೂ ಮರಳು, ಅದರ ಮೇಲೆ ಎಚ್ಚರಿಕೆಯ ಪಟ್ಟಿ. ಇಂಟರ್ನೆಟ್ ತಂತಿಗೆ ಬೇರೆಯೇ ಕೊಳವೆ.

ಗ್ಯಾರೇಜಿನ ಒಳಗೆ ಸಾಕೆಟ್‌ಗಳನ್ನು ನೆಲದಿಂದ 45 ಸೆಂಟಿಮೀಟರ್‌ಗೂ ಮೇಲಿಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿಕೊಳ್ಳುತ್ತದೆ. ಸಾಕೆಟ್ಟಿನ ಕಿಡಿ ಅದಕ್ಕೆ ತಾಗಬಾರದು. ಇಡೀ ಗ್ಯಾರೇಜನ್ನು ಒಮ್ಮೆಗೇ ಆರಿಸುವ ಮುಖ್ಯ ಸ್ವಿಚ್ ಕೈಗೆಟುಕುವಂತಿರಲಿ.

ಜೋಡಣೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಬೇಕು. ನಾವು ಪಕ್ಕದಲ್ಲಿ ನಿಂತು ನೋಡಬೇಕಾದದ್ದು ಪರೀಕ್ಷೆಯ ಕ್ರಮ: ಮಣ್ಣು ಮುಚ್ಚುವ ಮೊದಲು 500 ವೋಲ್ಟ್ ಡಿಸಿಯಲ್ಲಿ ಮೆಗ್ಗರ್ ಪರೀಕ್ಷೆ (ತಂತಿಯ ಹೊದಿಕೆಯ ನಿರೋಧದ ಅಳತೆ), ಕನಿಷ್ಠ 1 ಮೆಗಾಓಮ್, ನಂತರ ಅರ್ತ್ ತಂತಿಯ ಅಖಂಡತೆ, ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿಲ್ಲ ಎಂಬ ಖಾತರಿ, ಪೂರೈಕೆ ಕೊಟ್ಟ ಮೇಲೆ ದೋಷದ ವಿದ್ಯುತ್ ಹೋಗಿಬರುವ ದಾರಿಯ ಒಟ್ಟು ರೋಧ, ಕೊನೆಗೆ ಆರ್‌ಸಿಸಿಬಿ ಬೀಳಲು ತೆಗೆದುಕೊಳ್ಳುವ ಸಮಯ.