ಪೈಲಟ್‌ಗಳಿಗೆ ಯಾವ ಗ್ಲೈಡರ್ ಇಷ್ಟ, ಯಾಕೆ ಇಷ್ಟ?

ಗ್ಲೈಡರ್, ಅಂದರೆ ಎಂಜಿನ್ ಇಲ್ಲದೆ ತೇಲುವ ವಿಮಾನ, ಹಾರಿಸಲು ಕಲಿಯೋಕೆ ಬಂದವರು ಮೊದಲ ವಾರದಲ್ಲೇ ಒಂದು ಪ್ರಶ್ನೆ ಕೇಳುತ್ತಾರೆ. "ಎಲ್ಲಕ್ಕಿಂತ ಒಳ್ಳೆಯ ಗ್ಲೈಡರ್ ಯಾವುದು ಸಾರ್?" ಅವರ ಮನಸ್ಸಿನಲ್ಲಿ ಇರುವುದು ಗ್ಲೈಡ್ ರೇಶಿಯೋ. ಒಂದು ಕಿಲೋಮೀಟರ್ ಎತ್ತರ ಇಳಿಯುವಷ್ಟರಲ್ಲಿ ಎಷ್ಟು ಕಿಲೋಮೀಟರ್ ಮುಂದೆ ಹೋಗುತ್ತದೆ ಅನ್ನುವ ಲೆಕ್ಕ ಅದು. ಆ ಲೆಕ್ಕದಲ್ಲಿ ನೋಡಿದರೆ ಜರ್ಮನಿಯ ಈಟಾ ಅನ್ನುವ ಗ್ಲೈಡರ್ ದೊಡ್ಡದು. ಒಂದು ತುದಿಯಿಂದ ಇನ್ನೊಂದು ತುದಿಗೆ 30.9 ಮೀಟರ್ ರೆಕ್ಕೆ, ಸುಮಾರು 70 ಕಿಲೋಮೀಟರ್ ತೇಲುವ ಶಕ್ತಿ. ಆದರೆ ಅಂಥವು ತಯಾರಾಗಿದ್ದು ಬೆರಳೆಣಿಕೆಯಷ್ಟೇ. ಅದರ ಅರ್ಧದಷ್ಟು ದೂರವೂ ತೇಲದ ಎಎಸ್‌ಕೆ 21 ಮಾತ್ರ 900ಕ್ಕೂ ಹೆಚ್ಚು ತಯಾರಾಗಿದೆ, ಪ್ರಪಂಚದ ಯಾವ ಮೂಲೆಯ ಕ್ಲಬ್ಬಿಗೆ ಹೋದರೂ ಸಿಗುತ್ತದೆ.

ನಾನು ಕಲಿಸುವುದು ದಕ್ಷಿಣ ಜರ್ಮನಿಯ ಒಂದು ಕ್ಲಬ್ಬಿನಲ್ಲಿ. ಪ್ರಪಂಚದಲ್ಲಿ ಅತಿ ಹೆಚ್ಚು ಗ್ಲೈಡರ್ ಪೈಲಟ್‌ಗಳು ಇರುವ ದೇಶ ಇದು. ಇಲ್ಲಿ 14 ವರ್ಷಕ್ಕೇ ಒಬ್ಬರೇ ಹಾರಬಹುದು. ಹಾಗಾಗಿ ಬೆಳಿಗ್ಗೆ ಹದಿನಾಲ್ಕರ ಹುಡುಗಿ ಕೂತ ಸೀಟಿನಲ್ಲೇ ಮಧ್ಯಾಹ್ನ ಎಪ್ಪತ್ತು ದಾಟಿದ ಅಜ್ಜ ಕೂರುತ್ತಾರೆ. ಗ್ಲೈಡರ್ ತಳ್ಳುವುದು, ಒರೆಸುವುದು, ಚಳಿಗಾಲದಲ್ಲಿ ಶೆಡ್ಡಿನೊಳಗೆ ಬಿಚ್ಚಿ ರಿಪೇರಿ ಮಾಡುವುದು, ಎಲ್ಲವೂ ಸದಸ್ಯರದೇ ಕೆಲಸ. ಈ ವಾತಾವರಣದಲ್ಲಿ ಒಂದು ಗ್ಲೈಡರ್ ಜನರಿಗೆ ಹಿಡಿಸುತ್ತದೋ ಇಲ್ಲವೋ ಅನ್ನುವುದು ಆಕಾಶಕ್ಕಿಂತ ನೆಲದ ಮೇಲೆ ಜಾಸ್ತಿ ತೀರ್ಮಾನ ಆಗುತ್ತದೆ. ಇದನ್ನು ಅರ್ಥ ಮಾಡಿಕೊಂಡರೆ ಯಾವ ಮಾಡೆಲ್ ಯಾಕೆ ಓಡಿತು, ಯಾವುದು ಯಾಕೆ ಮೂಲೆ ಸೇರಿತು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಎಎಸ್‌ಕೆ 21 ನೋಡಿ. ಎಎಸ್ ಅಂದರೆ ಅಲೆಕ್ಸಾಂಡರ್ ಶ್ಲೈಷರ್, ವಾಸರ್‌ಕುಪ್ಪೆ ಬೆಟ್ಟದ ಬುಡದಲ್ಲಿರುವ ಪೊಪ್ಪೆನ್‌ಹೌಸನ್ ಊರಿನ ಕಂಪನಿ, 1927ರಿಂದ ಗ್ಲೈಡರ್ ಮಾಡುತ್ತಿದೆ. ಕೆ ಅಂದರೆ ವಿನ್ಯಾಸ ಮಾಡಿದ ರುಡಾಲ್ಫ್ ಕೈಸರ್. 1979ರಲ್ಲಿ ಬಂದ ಈ ಎರಡು ಸೀಟಿನ ಫೈಬರ್‌ಗ್ಲಾಸ್ ಗ್ಲೈಡರ್‌ಗೆ 17 ಮೀಟರ್ ರೆಕ್ಕೆ, ತೇಲುವ ಲೆಕ್ಕ ಸುಮಾರು 34. ಚಕ್ರ ಒಳಗೆ ಮಡಚುವುದಿಲ್ಲ, ರೆಕ್ಕೆಯ ಹಿಂಬದಿಯಲ್ಲಿ ಇಳಿಸಿ ಏರಿಸುವ ಫ್ಲಾಪ್ ಇಲ್ಲ. ಅಂದರೆ ಹೊಸಬರು ಮರೆಯುವಂಥ ಲಿವರ್‌ಗಳೇ ಕಡಿಮೆ. ಮೂಗಿನ ಕೆಳಗೊಂದು ಚಕ್ರ ಇದೆ. ಇಬ್ಬರು ಕೂತ ತಕ್ಷಣ ಗ್ಲೈಡರ್ ಮೆಲ್ಲಗೆ ಮುಂದಕ್ಕೆ ಬಾಗಿ ಆ ಚಕ್ರದ ಮೇಲೆ ನಿಲ್ಲುತ್ತದೆ, ಇಳಿದರೆ ಮತ್ತೆ ಬಾಲದ ಮೇಲೆ ಕೂರುತ್ತದೆ. ಕಲಿಯುವವರು ನೆಲಕ್ಕೆ ಸ್ವಲ್ಪ ಜೋರಾಗಿ ಕುಕ್ಕಿದರೂ ಅದು ತಡೆದುಕೊಳ್ಳುತ್ತದೆ. ದಿನಕ್ಕೆ ಹತ್ತಾರು ಸಲ ಇಳಿಸುವ ಶಾಲೆಗೆ ಇದಕ್ಕಿಂತ ದೊಡ್ಡ ಗುಣ ಬೇಕಾ?

ಇದರಲ್ಲಿ ನಮ್ಮವರು ಗಮನಿಸಬೇಕಾದ ವಿಷಯ ಒಂದಿದೆ. ಮುಂದಿನ ಸೀಟಿನಲ್ಲಿ ಕೂರುವವರ ತೂಕ ಪ್ಯಾರಾಶೂಟ್ ಸೇರಿ ಕನಿಷ್ಠ 70 ಕೆಜಿ ಇರಬೇಕು. ಕಡಿಮೆ ಇದ್ದರೆ ಗ್ಲೈಡರ್‌ನ ತೂಕದ ಕೇಂದ್ರ ಹಿಂದಕ್ಕೆ ಸರಿಯುತ್ತದೆ, ಆಗ ಅದು ಸ್ಥಿರವಾಗಿ ಹಾರುವುದಿಲ್ಲ, ಸ್ಪಿನ್ ಆದರೆ, ಅಂದರೆ ಸುರುಳಿ ಸುತ್ತುತ್ತಾ ಕೆಳಗೆ ಬೀಳತೊಡಗಿದರೆ, ಬಿಡಿಸುವುದೂ ಕಷ್ಟ. 52 ಕೆಜಿಯ ಹುಡುಗಿ ಬಂದರೆ ನಾವು ಮುಂದೆ ಸೀಸದ ತುಂಡುಗಳನ್ನು ಇಟ್ಟು ಬಿಗಿಯುತ್ತೇವೆ, ಆಮೇಲೆ ಅವಳ ಕೈಯಿಂದಲೇ ಎಳೆದು ನೋಡಿಸುತ್ತೇವೆ. ಭಾರತದಿಂದ ಓದಲು ಬಂದ ಎಷ್ಟೋ ವಿದ್ಯಾರ್ಥಿಗಳು ತೂಕ ಹೇಳಲು ನಾಚಿಕೊಂಡು ಒಂದೆರಡು ಕೆಜಿ ಸೇರಿಸಿ ಹೇಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತೂಕದ ಯಂತ್ರದ ಮೇಲೆ ನಿಂತು ತೋರಿಸಿ.

ಎಎಸ್‌ಕೆ 21ರ ಒಳ್ಳೆಯತನವೇ ಅದರ ಕೊರತೆ ಕೂಡ. ಅದು ಸುಲಭಕ್ಕೆ ಸ್ಪಿನ್ ಆಗುವುದಿಲ್ಲ. ಸ್ಪಿನ್ ಕಲಿಸಬೇಕೆಂದರೆ ಬಾಲಕ್ಕೆ ತೂಕ ಕಟ್ಟುವ ವ್ಯವಸ್ಥೆಯೇ ಬೇಕಾಗುತ್ತದೆ. ಇದರಲ್ಲೇ ಕಲಿತು ಇದರಲ್ಲೇ ಲೈಸೆನ್ಸ್ ತೆಗೆದುಕೊಂಡವರು ಆಮೇಲೆ ಒಂದು ಸೀಟಿನ ಚುರುಕು ಗ್ಲೈಡರ್ ಹತ್ತಿದಾಗ, ನಿಧಾನವಾಗಿ ತಿರುಗುತ್ತಾ ರಡ್ಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ) ಜಾಸ್ತಿ ಒತ್ತಿದರೆ ಏನಾಗುತ್ತದೆ ಅನ್ನುವುದು ಅವರ ಕಾಲಿಗೆ ಗೊತ್ತೇ ಇರುವುದಿಲ್ಲ. ಅದಕ್ಕೇ ಪೋಲೆಂಡಿನ ಪುಹಾಚ್ ಅನ್ನುವ ಎರಡು ಸೀಟಿನ ಗ್ಲೈಡರ್‌ಗೆ ಬೇರೆಯದೇ ಬೇಡಿಕೆ ಇದೆ. ಅದು ಸಲೀಸಾಗಿ ಸ್ಪಿನ್‌ಗೆ ಇಳಿಯುತ್ತದೆ, ಸರಿಯಾಗಿ ಬಿಡಿಸಿದರೆ ಸಲೀಸಾಗಿ ಹೊರಗೂ ಬರುತ್ತದೆ. ಕಡಿಮೆ ಎತ್ತರದಲ್ಲಿ ಅಜಾಗರೂಕತೆಯಿಂದ ಜೀವ ಹೋದ ಘಟನೆಗಳೂ ಆ ಗ್ಲೈಡರ್‌ನ ಚರಿತ್ರೆಯಲ್ಲಿ ಇವೆ. ಅದನ್ನು ಮುಚ್ಚಿಡದೆ ಹೇಳಿ, ಸಾಕಷ್ಟು ಎತ್ತರಕ್ಕೆ ಕರೆದುಕೊಂಡು ಹೋಗಿ, ಸ್ಪಿನ್ ತೋರಿಸಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಫೈಬರ್‌ಗ್ಲಾಸ್‌ಗೆ ಮುಂಚೆ ಇದ್ದದ್ದು ಮರ, ಬಟ್ಟೆ, ಸ್ಟೀಲ್ ಪೈಪ್. ಅದೇ ಕೈಸರ್ ಮಾಡಿದ ಕಾ 6, ಕಾ 8, ಎಎಸ್‌ಕೆ 13 ಇವತ್ತಿಗೂ ಹಾರುತ್ತಿವೆ. ಕಾ 8 ಎಷ್ಟು ಹಗುರ ಅಂದರೆ, ಸಂಜೆ ಹೊತ್ತು ಬಿಸಿಗಾಳಿ ಏಳುವುದು ನಿಂತೇಹೋಯಿತು ಅಂತ ದೊಡ್ಡ ಗ್ಲೈಡರ್‌ಗಳೆಲ್ಲ ಇಳಿದ ಮೇಲೂ ಅದು ಒಂದು ಸಣ್ಣ ಥರ್ಮಲ್ ಹಿಡಿದು ಮೇಲೇ ಸುತ್ತುತ್ತಿರುತ್ತದೆ.

ಸಂಖ್ಯೆಯಲ್ಲಿ ಇವೆಲ್ಲವನ್ನೂ ಮೀರಿಸಿದ್ದು ಚೆಕೊಸ್ಲೊವಾಕಿಯಾದ ಎಲ್-13 ಬ್ಲಾನಿಕ್. ಮೊದಲು ಹಾರಿದ್ದು 1956ರಲ್ಲಿ, ತಯಾರಾಗಿದ್ದು 2,600ಕ್ಕೂ ಹೆಚ್ಚು. ಪೂರ್ತಿ ಲೋಹದ ಮೈ. ಮಳೆ, ಬಿಸಿಲು ಅಂತ ಮರದ ಗ್ಲೈಡರ್‌ನಷ್ಟು ನಾಜೂಕಿಲ್ಲ. ಸೋವಿಯತ್ ಒಕ್ಕೂಟದಿಂದ ಅಮೆರಿಕದವರೆಗೆ ಒಂದಿಡೀ ತಲೆಮಾರು ಇದರಲ್ಲೇ ಹಾರಲು ಕಲಿತಿದೆ. ಆಮೇಲೆ 2010ರ ಜೂನ್‌ನಲ್ಲಿ ಆಸ್ಟ್ರಿಯಾದಲ್ಲಿ ಒಂದು ಬ್ಲಾನಿಕ್‌ನ ರೆಕ್ಕೆ ಹಾರಾಟದಲ್ಲೇ ಮುರಿಯಿತು, ಇಬ್ಬರು ಸತ್ತರು. ರೆಕ್ಕೆಯೊಳಗಿನ ಮುಖ್ಯ ತೊಲೆಯನ್ನು ನಾವು ಸ್ಪಾರ್ ಅನ್ನುತ್ತೇವೆ. ವರ್ಷಗಟ್ಟಲೆ ಬಾಗಿ ಬಾಗಿ ದಣಿದ ಲೋಹ ಅಲ್ಲಿ ಬಿರುಕು ಬಿಟ್ಟಿತ್ತು. ಎಷ್ಟೋ ದೇಶಗಳಲ್ಲಿ ಬ್ಲಾನಿಕ್‌ಗಳನ್ನು ಹಾರಿಸದಂತೆ ನಿಲ್ಲಿಸಿದರು. ಬೇರೆ ಗ್ಲೈಡರೇ ಇಲ್ಲದ ಕ್ಲಬ್ಬುಗಳಿಗೆ ಅದು ದೊಡ್ಡ ಪೆಟ್ಟು. ಆಮೇಲೆ ರೆಕ್ಕೆ ಬಲಪಡಿಸುವ ದಾರಿಗಳು ಬಂದವು, ಕೆಲವು ಮತ್ತೆ ಹಾರಿದವು, ಆದರೆ ಖರ್ಚು ನೋಡಿ ಕೈಬಿಟ್ಟವರೂ ಇದ್ದಾರೆ. ಸೆಕೆಂಡ್ ಹ್ಯಾಂಡ್ ಗ್ಲೈಡರ್ ಕೊಳ್ಳುವವರು ಅದು ಯಾವ ವರ್ಷದ್ದು ಅಂತ ಕೇಳುವ ಮುಂಚೆ ಎಷ್ಟು ಗಂಟೆ ಹಾರಿದೆ, ಎಷ್ಟು ಸಲ ವಿಂಚ್ (ನೆಲದ ಮೇಲಿನ ಯಂತ್ರ ಹಗ್ಗದಿಂದ ಎಳೆದು ಮೇಲೇರಿಸುವುದು) ಎಳೆತ ತಿಂದಿದೆ ಅಂತ ಕೇಳಬೇಕಾದದ್ದು ಇದಕ್ಕೇ.

ಅಮೆರಿಕದಲ್ಲಿ ಬ್ಲಾನಿಕ್ ಜೊತೆಗೆ ಅಲ್ಲಿನದೇ ಶ್ವೈಟ್ಜರ್ 2-33 ಇದೆ. ತೇಲುವ ಲೆಕ್ಕ 23 ಅಷ್ಟೇ, ನೋಡಲು ದಪ್ಪ, ಆದರೆ ಗಟ್ಟಿಮುಟ್ಟು. ಕೆನಡಾದ ಏರ್ ಕೆಡೆಟ್ ಮಕ್ಕಳು ಕಲಿಯುವುದು ಇದರಲ್ಲೇ.

ನಮ್ಮ ದೇಶದ್ದೂ ಒಂದು ಕಥೆ ಇದೆ, ಹೆಚ್ಚು ಜನಕ್ಕೆ ಗೊತ್ತಿಲ್ಲ. ನಾಗರಿಕ ವಿಮಾನಯಾನ ಇಲಾಖೆಯ ತಾಂತ್ರಿಕ ಕೇಂದ್ರ 1950ರ ದಶಕದಿಂದಲೇ ಗ್ಲೈಡರ್‌ಗಳನ್ನು ವಿನ್ಯಾಸ ಮಾಡಿತ್ತು. ಅಶ್ವಿನಿ, ಭರಣಿ, ಕಾರ್ತಿಕ್, ರೋಹಿಣಿ, ಮೃಗಶಿರ, ಆರ್ದ್ರಾ ಅಂತ ಪಂಚಾಂಗದ ನಕ್ಷತ್ರಗಳದ್ದೇ ಹೆಸರು. ರೋಹಿಣಿಯಲ್ಲಿ ಗುರು, ಶಿಷ್ಯ ಇಬ್ಬರೂ ಅಕ್ಕಪಕ್ಕ ಕೂರುತ್ತಿದ್ದರು. ಕಲಿಸುವವನಾಗಿ ನನಗೆ ಈ ಜೋಡಣೆ ತುಂಬಾ ಇಷ್ಟ, ಶಿಷ್ಯರ ಮುಖ ನೋಡಿಯೇ ಹೆದರಿಕೆ ಎಷ್ಟಿದೆ ಅಂತ ತಿಳಿಯಬಹುದು. ಭಾರತದಲ್ಲಿ ಗ್ಲೈಡಿಂಗ್ ಅಂದರೆ ಮೊದಲು ನೆನಪಾಗುವುದು ಪುಣೆಯ ಹಡಪ್ಸರ್ ಕೇಂದ್ರ. ನಮ್ಮಲ್ಲಿ ದೇಶೀ ಗ್ಲೈಡರ್‌ಗಳ ಆ ಸಾಲು ಮುಂದುವರಿಯಲಿಲ್ಲ ಅನ್ನುವುದು ನಿಜಕ್ಕೂ ಬೇಸರದ ಸಂಗತಿ. ಬಯಲುಸೀಮೆಯ ಮಾರ್ಚ್, ಏಪ್ರಿಲ್ ಆಕಾಶ ಗ್ಲೈಡರ್‌ಗೆ ಹೇಳಿ ಮಾಡಿಸಿದಂತಿದೆ.

ಇನ್ನು ಒಂದು ಸೀಟಿನವು. ಕ್ಲಬ್ಬುಗಳಲ್ಲಿ ಮತ್ತೆ ಮತ್ತೆ ಕಾಣುವುದು ಗ್ರೋಬ್ ಆಸ್ಟಿರ್, ಸ್ಟ್ಯಾಂಡರ್ಡ್ ಸಿರಸ್, ಎಲ್‌ಎಸ್4, ಡಿಸ್ಕಸ್. ಆಸ್ಟಿರ್ ಒಳಗೆ ಎತ್ತರದವರಿಗೂ ಧಾರಾಳ ಜಾಗ, ಆದರೆ ಜೋಡಿಸುವಾಗ ರೆಕ್ಕೆ ಎತ್ತಿದವರಿಗೆ ಸೊಂಟ ನೋವು ಗ್ಯಾರಂಟಿ. 1969ರ ಸ್ಟ್ಯಾಂಡರ್ಡ್ ಸಿರಸ್ ಕ್ಲಾಸ್ ಹೋಲಿಗ್‌ಹೌಸ್ ಅವರ ವಿನ್ಯಾಸ. ಅದರ ಬಾಲದ ಅಡ್ಡರೆಕ್ಕೆ ಇಡಿಯಾಗಿ ತಿರುಗುತ್ತದೆ. ಗ್ಲೈಡರ್ ನಡೆಸುವ ಹಿಡಿಕೆಯಾದ ಸ್ಟಿಕ್ ಅನ್ನು ಎರಡು ಬೆರಳಲ್ಲಿ ಹಿಡಿಯಬೇಕು, ಮುಷ್ಟಿಯಲ್ಲಿ ಹಿಡಿದರೆ ಮೂಗು ಮೇಲೆ ಕೆಳಗೆ ಕುಣಿಯುತ್ತದೆ. ಹಾಗಾಗಿ ನಾನು ಅದನ್ನು ಹೊಸಬರ ಮೊದಲ ಗ್ಲೈಡರ್ ಅಂತ ಹೇಳುವುದಿಲ್ಲ.

ಎಲ್‌ಎಸ್4 ಬಗ್ಗೆ ಕೇಳಿದರೆ ಮಾತ್ರ ನಾನು ಎರಡನೇ ಯೋಚನೆ ಮಾಡುವುದಿಲ್ಲ. ವುಲ್ಫ್ ಲೆಮ್ಕೆ ವಿನ್ಯಾಸ, 1980ರ ಹೊತ್ತಿಗೆ ಬಂತು, ಸಾವಿರಕ್ಕೂ ಹೆಚ್ಚು ತಯಾರಾಯಿತು. 15 ಮೀಟರ್ ರೆಕ್ಕೆ, ತೇಲುವ ಲೆಕ್ಕ 40. ಬಂದ ಹೊಸದರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಗೆದ್ದ ಗ್ಲೈಡರ್ ಇದು, ಹಾಗಿದ್ದೂ ಇಷ್ಟು ಮೆದು ಸ್ವಭಾವ. ನಿಧಾನ ಮಾಡಿದರೆ ಮುಂಚೆಯೇ ನಡುಗಿ ಎಚ್ಚರಿಸುತ್ತದೆ, ಬೇಗ ಇಳಿಸಲು ರೆಕ್ಕೆಯಿಂದ ಹೊರಬರುವ ಏರ್‌ಬ್ರೇಕ್ ತೆರೆದರೆ ಸಣ್ಣ ಹೊಲದಲ್ಲೂ ಇಳಿಸಬಹುದು. ಗೆಲ್ಲುವ ಗ್ಲೈಡರ್ ಕಲಿಯುವವರಿಗೂ ಒಗ್ಗುವುದು ಅಪರೂಪ. ಇವತ್ತಿಗೂ ಮಾರಾಟಕ್ಕೆ ಬಂದ ಒಳ್ಳೆಯ ಎಲ್‌ಎಸ್4 ಜಾಸ್ತಿ ದಿನ ಉಳಿಯುವುದಿಲ್ಲ.

ಇದೇ ಹಳೆಯ ಗ್ಲೈಡರ್‌ಗಳು ಒಂದು ಹೊಸ ಯೋಜನೆಯನ್ನೂ ಸೋಲಿಸಿದವು. ಎಲ್ಲರೂ ಒಂದೇ ಮಾಡೆಲ್‌ನಲ್ಲಿ ಸ್ಪರ್ಧಿಸಲಿ, ಬೆಲೆ ಕಡಿಮೆ ಇರಲಿ ಅಂತ ಅಂತರರಾಷ್ಟ್ರೀಯ ವಾಯುಕ್ರೀಡಾ ಒಕ್ಕೂಟ ವಿನ್ಯಾಸ ಸ್ಪರ್ಧೆ ಇಟ್ಟು, ವಾರ್ಸಾ ಪಾಲಿಟೆಕ್ನಿಕ್‌ನ ಪಿಡಬ್ಲ್ಯೂ-5 ಆಯ್ಕೆ ಮಾಡಿತು. ಪುಟ್ಟದು, ಸುರಕ್ಷಿತ, ಜೋಡಿಸಲು ಸುಲಭ. ಆದರೆ ತೇಲುವ ಲೆಕ್ಕ 32ರ ಆಸುಪಾಸು. ಆ ದುಡ್ಡಿಗೆ ಹಳೆಯ ಸಿರಸ್ ಸಿಗುತ್ತದೆ, ಇನ್ನೂ ದೂರ ಹೋಗುತ್ತದೆ ಅಂತ ಪೈಲಟ್‌ಗಳು ಆ ಕಡೆ ಹೋದರು. ಆ ಸ್ಪರ್ಧಾ ವರ್ಗ ಕೊನೆಗೆ ಮುಚ್ಚಿತು. ಹಳೆಯ ಮಾಡೆಲ್‌ಗಳಿಗೆ ಅವುಗಳ ಶಕ್ತಿಗೆ ತಕ್ಕಂತೆ ಅಂಕ ಸರಿದೂಗಿಸುವ ಹ್ಯಾಂಡಿಕ್ಯಾಪ್ ಕೊಟ್ಟು ನಡೆಸುವ ಕ್ಲಬ್ ಕ್ಲಾಸ್ ಸ್ಪರ್ಧೆ ಮಾತ್ರ ಚೆನ್ನಾಗಿ ಬೆಳೆಯಿತು.

ದುಡ್ಡಿದ್ದವರ ಆಯ್ಕೆ ಈಗ ಬೇರೆ ಕಡೆ ಇದೆ. ದಕ್ಷಿಣ ಆಫ್ರಿಕಾದ ಜಾಂಕರ್ ಸೋದರರ ಜೆಎಸ್3, ಶೆಂಪ್-ಹಿರ್ಥ್‌ನ ವೆಂಟಸ್ 3, ಮೂಗಿನಲ್ಲೇ ಸಣ್ಣ ಎಲೆಕ್ಟ್ರಿಕ್ ಮೋಟರ್ ಇರುವ ಮಾಡೆಲ್‌ಗಳು. ಥರ್ಮಲ್ ಸಿಗದೆ ಹೊಲಕ್ಕೆ ಇಳಿಯುವ ಬದಲು ಸ್ವಿಚ್ ಒತ್ತಿ ಮನೆಗೆ ಬರಬಹುದು ಅನ್ನುವುದೇ ಇವುಗಳ ಆಕರ್ಷಣೆ. ಕೆಲಸಕ್ಕೆ ಹೋಗುವವರಿಗೆ ಅದು ಸಣ್ಣ ಸಂಗತಿಯಲ್ಲ.

ನೀವು ಸ್ನೇಹಿತರ ಜೊತೆ ಪಾಲು ಹಾಕಿ ಹಳೆಯದೊಂದನ್ನು ಕೊಳ್ಳುವ ಯೋಚನೆಯಲ್ಲಿದ್ದರೆ, ಹಾರಿಸಿ ನೋಡುವ ಮುಂಚೆ ಅದನ್ನು ಟ್ರೇಲರ್‌ನಿಂದ ಇಳಿಸಿ, ನೀವೇ ಜೋಡಿಸಿ. ಹಳೆಯ ಎಷ್ಟೋ ಮಾಡೆಲ್‌ಗಳಲ್ಲಿ ಏಲಿರಾನ್ (ಗ್ಲೈಡರನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಹಲಗೆ), ಏರ್‌ಬ್ರೇಕ್, ಎಲಿವೇಟರ್‌ (ಮೂಗನ್ನು ಮೇಲೆ ಕೆಳಗೆ ಮಾಡುವ ಬಾಲದ ಹಲಗೆ) ಇವುಗಳ ಕೊಂಡಿಗಳನ್ನು ಕೈಯಿಂದ ಸೇರಿಸಬೇಕು. ಸೇರಿಸುವುದು ಮರೆತು ಹಾರಿ ಸತ್ತವರಿದ್ದಾರೆ. ಜೋಡಿಸಿದ ಮೇಲೆ ಒಬ್ಬರು ಹೊರಗೆ ಎಲಿವೇಟರ್ ಗಟ್ಟಿಯಾಗಿ ಹಿಡಿಯಲಿ, ಇನ್ನೊಬ್ಬರು ಒಳಗೆ ಸ್ಟಿಕ್ ಎಳೆಯಲಿ. ಕೈಗೆ ವಿರೋಧ ಸಿಗಬೇಕು. ಹೀಗೇ ಒಂದೊಂದನ್ನೂ ನೋಡಿ. ಆಮೇಲೆ ಬಿಸಿಲಿಗೆ ನಿಲ್ಲಿಸಿ ರೆಕ್ಕೆಯ ಬಿಳಿ ಲೇಪದ ಮೇಲೆ ಕಣ್ಣು ಓರೆ ಮಾಡಿ ನೋಡಿ, ಕೂದಲೆಳೆಯಂಥ ಬಿರುಕುಗಳು ಕಂಡರೆ ಬೆಲೆ ಮಾತಾಡುವ ಮುಂಚೆ ಲೇಪ ತೆಗೆದು ಹೊಸದು ಹಾಕಿಸುವ ಖರ್ಚು ವಿಚಾರಿಸಿ, ಕೆಲವೊಮ್ಮೆ ಅದು ಗ್ಲೈಡರ್‌ನ ಬೆಲೆಗೇ ಸಮ ಆಗುತ್ತದೆ. ಕೊನೆಗೆ ಟ್ರೇಲರ್ ಒಳಗೆ ಬಗ್ಗಿ ನೋಡಿ. ನೀರು ಸೋರುತ್ತದಾ, ಟೈರ್ ಯಾವ ವರ್ಷದ್ದು, ರೆಕ್ಕೆ ಕೂರುವ ಗೂಟಗಳು ಅಲ್ಲಾಡುತ್ತಿವೆಯಾ? ಟ್ರೇಲರ್ ಸರಿ ಇಲ್ಲದ ಗ್ಲೈಡರನ್ನು ವಾರಾಂತ್ಯಕ್ಕೆ ಯಾರೂ ಹೊರಗೆ ತೆಗೆಯುವುದಿಲ್ಲ.