ಬೋಟ್ ಮುಳುಗಿತು ಅಂದ ಕೂಡಲೇ ಅಂಬಿಗನನ್ನೇ ಯಾಕೆ ಹಿಡೀತಾರೆ?

ರಬಕವಿಯಿಂದ ಮಹಿಷವಾಡಗಿಗೆ ಹೊಳೆ ದಾಟೋರಿಗೆ ಬೋಟ್ ಅಂದರೆ ಹೊಸ ವಿಷಯ ಅಲ್ಲ. ಈಚೆ ದಂಡೆ ಬಾಗಲಕೋಟೆ, ಆಚೆ ದಂಡೆ ಬೆಳಗಾವಿ ಜಿಲ್ಲೆ, ನಡುವೆ ಕೃಷ್ಣೆ. ಸೇತುವೆ ಕೆಲಸವೋ ವರ್ಷಗಟ್ಟಲೆ ಎಳೆದುಕೊಂಡೇ ಬಂತು. ಮಹಾರಾಷ್ಟ್ರದಲ್ಲಿ ಮಳೆ ಜೋರಾಗಿ ಕೊಯ್ನಾದಿಂದ ನೀರು ಬಿಟ್ಟರು ಅಂದರೆ ಬೋಟ್ ಬಂದ್, ಸುತ್ತು ಹಾಕಿ ಹೋಗಬೇಕು.

ಇಂಥ ಕಡೆ ಇರೋರಿಗೆ ಬೋಟ್ ದುರಂತದ ಸುದ್ದಿ ಬೇರೆಯೇ ಥರ ತಟ್ಟುತ್ತೆ. ಸುದ್ದಿಯ ಮೊದಲ ಸಾಲು ಮಾತ್ರ ಸಾಮಾನ್ಯವಾಗಿ ಒಂದೇ: ಜಾಸ್ತಿ ಮಂದಿ ಹತ್ತಿದ್ದರು, ಚಾಲಕನ ಮೇಲೆ ಕೇಸ್. ಅದು ಸುಳ್ಳು ಅಂತಲ್ಲ. ಆದರೆ ಅಲ್ಲಿಗೇ ನಿಂತರೆ ಅದನ್ನು ತನಿಖೆ ಅನ್ನೋಕಾಗಲ್ಲ.

ತಪ್ಪು ನಡೆಸೋನದೋ ಮಾಲೀಕನದೋ ಅನ್ನೋ ಈ ಜಗಳ ಹಳೆಯದು. 19ನೇ ಶತಮಾನದ ಬ್ರಿಟನ್ನಿನಲ್ಲಿ ಮಾಲೀಕರು ಹಡಗಿಗೆ ಸಿಕ್ಕಾಪಟ್ಟೆ ಸರಕು ಹೇರಿ, ಮೇಲೆ ವಿಮೆ ಮಾಡಿಸಿ ಕಳಿಸುತ್ತಿದ್ದರು. ಮುಳುಗಿದರೆ ಸಾಯೋದು ನಾವಿಕರು, ದುಡ್ಡು ಮಾಲೀಕರಿಗೆ. ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್ ಎಂಬ ಸಂಸದ ಪಟ್ಟು ಹಿಡಿದ ಮೇಲೆ 1876ರಲ್ಲಿ ಹಡಗಿನ ಮೈಮೇಲೆ ಭಾರದ ಗೆರೆ, ಅಂದರೆ ಇದು ಮುಳುಗುವಷ್ಟು ಸರಕು ಹೇರಬಾರದು ಅಂತ ತೋರಿಸೋ ಗುರುತು, ಕಡ್ಡಾಯವಾಯಿತು. ತಮಾಷೆ ನೋಡಿ, ಗೆರೆ ಎಲ್ಲಿ ಎಳೆಯಬೇಕು ಅನ್ನೋದನ್ನು ಮಾಲೀಕರಿಗೇ ಬಿಟ್ಟಿದ್ದರು! ಅದನ್ನು ಸರಿಮಾಡೋಕೆ 1890ರವರೆಗೆ ಕಾಯಬೇಕಾಯಿತು.

ತನಿಖೆ ಹೇಗಿರಬೇಕು ಅನ್ನೋದಕ್ಕೆ ನನಗೆ ಮೊದಲು ನೆನಪಾಗೋದು 'ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್'. 1987ರ ಮಾರ್ಚ್ 6ರಂದು ಬೆಲ್ಜಿಯಂನ ಝೀಬ್ರೂಗ ಬಂದರು ಬಿಟ್ಟ ಈ ಫೆರಿ ಕೆಲವೇ ನಿಮಿಷಗಳಲ್ಲಿ ಮಗುಚಿ 193 ಮಂದಿ ಸತ್ತರು. ಕಾರು ಒಳಗೆ ಬಿಡೋ ಮುಂದಿನ ಬಾಗಿಲು ತೆರೆದೇ ಇತ್ತು. ಅದನ್ನು ಮುಚ್ಚಬೇಕಾದವನು ತನ್ನ ಕೋಣೆಯಲ್ಲಿ ಮಲಗಿಬಿಟ್ಟಿದ್ದ. ಅಲ್ಲಿಗೆ ಕೇಸ್ ಮುಗೀತು ಅನ್ಬಹುದಿತ್ತು, ಅಲ್ವಾ? ತನಿಖೆ ನಡೆಸಿದ ನ್ಯಾಯಮೂರ್ತಿ ಶೀನ್ ಅಷ್ಟಕ್ಕೆ ಬಿಡಲಿಲ್ಲ. ಬಾಗಿಲು ಮುಚ್ಚಿದೆಯೋ ಇಲ್ಲವೋ ಅಂತ ಕ್ಯಾಪ್ಟನ್‌ಗೆ ಗೊತ್ತಾಗುವ ಹಾಗೆ ಒಂದು ದೀಪ ಹಾಕಿಸಿ ಎಂದು ಕಂಪನಿಯ ಕ್ಯಾಪ್ಟನ್‌ಗಳೇ ಹಿಂದೆ ಕೇಳಿದ್ದರು, ಆಫೀಸಿನಲ್ಲಿ ಕೂತವರು ಅದನ್ನು ತಳ್ಳಿಹಾಕಿದ್ದರು. ಮೇಲಿಂದ ಕೆಳಗಿನವರೆಗೆ ಇಡೀ ಕಂಪನಿಗೇ ಉಡಾಫೆ ಅಂಟಿತ್ತು ಅಂತ ಅವರ ವರದಿ ಹೇಳಿತು.

ದಕ್ಷಿಣ ಕೊರಿಯಾದ 'ಸೆವೋಲ್' 2014ರ ಏಪ್ರಿಲ್ 16ರಂದು ಮುಳುಗಿ 304 ಮಂದಿ ಸತ್ತಾಗಲೂ ಎಲ್ಲರ ಕಣ್ಣು ಪ್ರಯಾಣಿಕರನ್ನು ಬಿಟ್ಟು ಓಡಿದ ಕ್ಯಾಪ್ಟನ್ ಮೇಲೆ. ಅವನಿಗೆ ಜೀವಾವಧಿ ಶಿಕ್ಷೆಯೂ ಆಯಿತು. ಆದರೆ ಹಡಗು ಯಾಕೆ ಮಗುಚಿತು ಅಂತ ಕೆದಕಿದಾಗ ಸಿಕ್ಕಿದ್ದೇ ಬೇರೆ. ಜಪಾನಿನಿಂದ ಹಳೆ ಹಡಗು ತಂದು ಮೇಲೆ ಕೋಣೆ ಕಟ್ಟಿದ್ದರು. ಅನುಮತಿಯ ಎರಡು ಪಟ್ಟಿಗಿಂತ ಜಾಸ್ತಿ ಸರಕು ಹೇರಿದ್ದರು, ಅದನ್ನು ಸರಿಯಾಗಿ ಕಟ್ಟಿಯೂ ಇರಲಿಲ್ಲ. ಸರಕಿಗೆ ಜಾಗ ಮಾಡೋಕೆ ಹಡಗಿನ ತಳದಲ್ಲಿ ಇರಬೇಕಾದ ನೀರಿನ ಭಾರವನ್ನು ಕಡಿಮೆ ಮಾಡಿದ್ದರು. ಕಬ್ಬು ಎತ್ತರಕ್ಕೆ ಹೇರಿದ ಟ್ರೇಲರ್ ತಿರುವಿನಲ್ಲಿ ವಾಲುತ್ತಲ್ಲ, ಅದೇ ಕಥೆ. 2017ರಲ್ಲಿ ಹಡಗನ್ನು ಮೇಲೆತ್ತಿ ನೋಡಿದ ಮೇಲೂ ಮಗುಚೋಕೆ ಇಷ್ಟೇ ಕಾರಣವಾ ಅನ್ನೋದರಲ್ಲಿ ತನಿಖಾ ಸಮಿತಿಯವರು ಒಂದೇ ತೀರ್ಮಾನಕ್ಕೆ ಬರಲಿಲ್ಲ.

ನಮ್ಮಲ್ಲಿ? 2002ರಲ್ಲಿ ಕೇರಳದ ಕುಮರಕಂನಲ್ಲಿ 29 ಮಂದಿ. 2009ರಲ್ಲಿ ತೇಕ್ಕಡಿಯಲ್ಲಿ ಪ್ರಾಣಿ ನೋಡೋಕೆ ಎಲ್ಲರೂ ಒಂದೇ ಬದಿಗೆ ಸರಿದಾಗ ಎರಡು ಅಂತಸ್ತಿನ ಬೋಟ್ ಮಗುಚಿ 45 ಮಂದಿ. 2019ರಲ್ಲಿ ಕಾರವಾರದ ಕೂರ್ಮಗಡ ಜಾತ್ರೆಗೆ ಹೋದವರಲ್ಲಿ 16 ಮಂದಿ. 2023ರಲ್ಲಿ ತಾನೂರಿನಲ್ಲಿ 22 ಮಂದಿ, ಅದು ಮೀನುಗಾರಿಕೆ ದೋಣಿಯನ್ನೇ ಪ್ರವಾಸಿ ಬೋಟ್ ಮಾಡಿದ್ದು. ತೇಕ್ಕಡಿಯದನ್ನೇ ತಗೊಳ್ಳಿ. ಮಂದಿ ಒಂದು ಬದಿಗೆ ಸರಿದಿದ್ದು ತಪ್ಪಾ? ಪ್ರಾಣಿ ತೋರಿಸೋಕೆ ಅಂತಲೇ ಇರುವ ಬೋಟಿನಲ್ಲಿ ಮಂದಿ ಸರಿಯೋದು ಸಹಜ, ಅದನ್ನು ತಡೆದುಕೊಳ್ಳದ ಬೋಟಿಗೆ ಸರ್ಟಿಫಿಕೇಟ್ ಕೊಟ್ಟವರು ಯಾರು ಅನ್ನೋದೇ ಅಸಲಿ ಪ್ರಶ್ನೆ.

ಕಾನೂನು ನಿಧಾನಕ್ಕೆ ಆ ಕಡೆ ತಿರುಗಿದೆ. 1917ರ ಹಳೆ ಕಾಯ್ದೆಯ ಜಾಗಕ್ಕೆ 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯ್ದೆ ಬಂತು. ಇಂಜಿನ್ ಬೋಟಿಗೆ ಸರ್ವೆ (ಬೋಟಿನ ತಪಾಸಣೆ), ನೋಂದಣಿ, ವಿಮೆ ಎಲ್ಲ ಬೇಕು. ಹುಟ್ಟು ಹಾಕಿ ನಡೆಸುವ ದೋಣಿಗಳನ್ನೂ ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಮಟ್ಟದಲ್ಲಿ ದಾಖಲು ಮಾಡಿಕೊಳ್ಳಬೇಕು ಅಂತ ಅದರಲ್ಲಿದೆ. ಅಂದರೆ ನಾಳೆ ದೋಣಿ ಮಗುಚಿದರೆ ಅಂಬಿಗನ ಜೊತೆಗೆ ಆ ರಿಜಿಸ್ಟರ್ ಬರೆಯಬೇಕಾದವರನ್ನೂ ಕರೆದು ಕೇಳಬಹುದು.